ಮಂಡಿಕೀಲಿನ ಅಸ್ಥಿಸಂಧಿವಾತ: ರೋಗದ ಪರಿಚಯ, ಆರೈಕೆ ಮತ್ತು ಸರ್ಕಾರಿ ಸೌಲಭ್ಯಗಳು

ಪೀಠಿಕೆ

ನಡುವಯಸ್ಸು ದಾಟಿದವರಲ್ಲಿ ನಡಿಗೆಯನ್ನು ಕುಂಠಿತಗೊಳಿಸುವ ಕಾಯಿಲೆಗಳ ಪೈಕಿ ಮಂಡಿಕೀಲಿನ ಅಸ್ಥಿಸಂಧಿವಾತವು ಪ್ರಮುಖವಾದುದು. ಜನಸಾಮಾನ್ಯರು ಇದನ್ನು ಮಂಡಿ ಸವೆತ, ಮಂಡಿ ನೋವು, ಕೀಲುವಾತ ಮುಂತಾದ ಹೆಸರುಗಳಿಂದ ಕರೆಯುತ್ತಾರೆ. ದೇಹದ ವಿವಿಧ ಕೀಲುಗಳ ಅಸ್ಥಿಸಂಧಿವಾತದಿಂದ ಬಳಲುವವರ ಸಂಖ್ಯೆ ಭಾರತದಲ್ಲಿ 1990ರಲ್ಲಿ ಸುಮಾರು 2.3 ಕೋಟಿಯಷ್ಟಿದ್ದು, 2019ರ ವೇಳೆಗೆ ಸುಮಾರು 6.2 ಕೋಟಿಗೆ ಏರಿದೆಯೆಂದು ಅಂದಾಜಿಸಲಾಗಿದೆ. ಇವುಗಳಲ್ಲಿ ಮಂಡಿಕೀಲಿನ ತೊಂದರೆಯೇ ಅತ್ಯಂತ ಸಾಮಾನ್ಯ.

ಈ ರೋಗವನ್ನು ಸಂಪೂರ್ಣವಾಗಿ ಇಲ್ಲದಂತೆ ಮಾಡುವ ಔಷಧಿ ಇದುವರೆಗೆ ಲಭ್ಯವಿಲ್ಲ. ಆದರೆ ನೋವನ್ನು ಹತೋಟಿಯಲ್ಲಿಟ್ಟುಕೊಂಡು ದೈನಂದಿನ ಕೆಲಸಗಳನ್ನು ಮಾಡಿಕೊಂಡು ಹೋಗಲು ಬಹುತೇಕ ರೋಗಿಗಳಿಗೆ ಸಾಧ್ಯವಿದೆ. "ವಯಸ್ಸಾದ ಮೇಲೆ ಇದೆಲ್ಲ ಇದ್ದದ್ದೇ" ಎಂದು ಸುಮ್ಮನಿರುವುದು ಮತ್ತು ಅಂಗಡಿಯಿಂದ ನೋವಿನ ಮಾತ್ರೆ ತಂದು ವರ್ಷಗಟ್ಟಲೆ ನುಂಗುವುದು, ಇವೆರಡೂ ಹಾನಿಕರ. ರೋಗದ ಸ್ವರೂಪ, ಆರೈಕೆಯ ವಿಧಾನ, ಶಸ್ತ್ರಚಿಕಿತ್ಸೆ ಹಾಗೂ ಸರ್ಕಾರದಿಂದ ದೊರೆಯುವ ಸೌಲಭ್ಯಗಳ ಬಗ್ಗೆ ಸಾರ್ವಜನಿಕರ ತಿಳಿವಳಿಕೆಗಾಗಿ ಈ ಕೆಳಕಂಡ ಮಾಹಿತಿಯನ್ನು ನೀಡಲಾಗಿದೆ.

ಮಂಡಿಕೀಲಿನ ರಚನೆ ಮತ್ತು ರೋಗದ ಸ್ವರೂಪ

ತೊಡೆಯ ಮೂಳೆ, ಕಣಕಾಲಿನ ಮೂಳೆ ಮತ್ತು ಮಂಡಿಚಿಪ್ಪು ಈ ಮೂರೂ ಸೇರುವ ಸ್ಥಳವೇ ಮಂಡಿಕೀಲು. ಮೂಳೆಗಳ ತುದಿಯನ್ನು ನುಣುಪಾದ ಮೃದ್ವಸ್ಥಿಯ ಪದರವು ಹೊದ್ದುಕೊಂಡಿರುತ್ತದೆ. ಮೂಳೆಗಳ ನಡುವೆ ಅರ್ಧಚಂದ್ರಾಕಾರದ ಎರಡು ಮೆತ್ತೆಗಳಿದ್ದು, ಅವು ಭಾರವನ್ನು ಹಂಚುತ್ತವೆ. ಕೀಲಿನೊಳಗಿನ ಜಿಗುಟಾದ ದ್ರವವು ಗಾಡಿಯ ಅಚ್ಚಿಗೆ ಹಾಕಿದ ಎಣ್ಣೆಯಂತೆ ಘರ್ಷಣೆಯನ್ನು ತಗ್ಗಿಸುತ್ತದೆ.

ಮೃದ್ವಸ್ಥಿಯಲ್ಲಿ ರಕ್ತನಾಳಗಳಾಗಲೀ ನರಗಳಾಗಲೀ ಇರುವುದಿಲ್ಲ. ಆದುದರಿಂದ ಅದು ಸವೆಯತೊಡಗಿದಾಗ ಆರಂಭದಲ್ಲಿ ನೋವು ತಿಳಿಯುವುದಿಲ್ಲ. ಒಮ್ಮೆ ಸವೆದ ಮೇಲೆ ಸುಲಭವಾಗಿ ಮತ್ತೆ ಬೆಳೆಯುವುದೂ ಇಲ್ಲ. ಸವೆತ ಹೆಚ್ಚಿದಂತೆ ಮೃದ್ವಸ್ಥಿಯ ಅಡಿಯ ಮೂಳೆ ಗಡುಸಾಗುತ್ತದೆ, ಅಂಚಿನಲ್ಲಿ ಮುಳ್ಳಿನಂತಹ ಹೆಚ್ಚುವರಿ ಮೂಳೆ ಬೆಳೆಯುತ್ತದೆ, ಕೀಲಿನ ಒಳಪೊರೆ ಉರಿಯೂತಕ್ಕೊಳಗಾಗಿ ನೀರು ತುಂಬುತ್ತದೆ. ನೋವಿನ ಭಯದಿಂದ ರೋಗಿಯು ನಡೆಯುವುದನ್ನು ಕಡಿಮೆ ಮಾಡಿದಾಗ ತೊಡೆಯ ಸ್ನಾಯುಗಳು ಸೊರಗುತ್ತವೆ. ಸ್ನಾಯು ಸೊರಗಿದರೆ ಕೀಲಿನ ಮೇಲೆ ಬೀಳುವ ಭಾರ ಹೆಚ್ಚುತ್ತದೆ, ನೋವು ಇನ್ನಷ್ಟಾಗುತ್ತದೆ. ಈ ವಿಷಚಕ್ರವನ್ನು ಮುರಿಯುವುದೇ ಚಿಕಿತ್ಸೆಯ ಮೂಲ ಉದ್ದೇಶ.

ರೋಗಕ್ಕೆ ಕಾರಣವಾಗುವ ಅಂಶಗಳು

1. ವಯಸ್ಸು: 45 ವರ್ಷ ದಾಟಿದ ನಂತರ ಸಾಧ್ಯತೆ ಹೆಚ್ಚುತ್ತಾ ಹೋಗುತ್ತದೆ.
2. ಲಿಂಗ: ಪುರುಷರಿಗಿಂತ ಮಹಿಳೆಯರಲ್ಲಿ, ವಿಶೇಷವಾಗಿ ಮುಟ್ಟು ನಿಂತ ಬಳಿಕ, ಹೆಚ್ಚಾಗಿ ಕಂಡುಬರುತ್ತದೆ.
3. ದೇಹದ ತೂಕ: ಸಮತಟ್ಟಾದ ನೆಲದ ಮೇಲೆ ನಡೆಯುವಾಗಲೂ ಮಂಡಿಯ ಮೇಲೆ ದೇಹತೂಕದ ಎರಡರಿಂದ ಮೂರು ಪಟ್ಟು ಭಾರ ಬೀಳುತ್ತದೆ. ಮೆಟ್ಟಿಲು ಹತ್ತಿಳಿಯುವಾಗ ಅದು ಇನ್ನೂ ಹೆಚ್ಚು.
4. ಹಳೆಯ ಪೆಟ್ಟು: ಅಪಘಾತ, ಆಟೋಟ ಅಥವಾ ಬೀಳುವುದರಿಂದ ಅಸ್ಥಿರಜ್ಜು ಹರಿದಿರುವುದು, ಮೆತ್ತೆ ಹಾನಿಗೊಂಡಿರುವುದು.
5. ವೃತ್ತಿ: ಕುಕ್ಕರಗಾಲಿನಲ್ಲಿ ಕುಳಿತು ಕಳೆ ಕೀಳುವುದು, ಭಾರ ಹೊರುವುದು, ಮಂಡಿಯೂರಿ ನೆಲಹಾಸು ಜೋಡಿಸುವುದು ಮುಂತಾದ ಕೆಲಸಗಳನ್ನು ಅನೇಕ ವರ್ಷ ಮಾಡಿರುವುದು.
6. ಅನುವಂಶೀಯತೆ ಹಾಗೂ ಕಾಲಿನ ಸೊಟ್ಟತನ.

ಕುಡಿಯುವ ನೀರಿನಲ್ಲಿ ಫ್ಲೋರೈಡ್ ಅಧಿಕವಾಗಿರುವ ಪ್ರದೇಶಗಳಲ್ಲಿ ಮೂಳೆಯ ಫ್ಲೋರೋಸಿಸ್‌ನಿಂದಲೂ ಕೀಲು ನೋವು ಮತ್ತು ಕಾಲಿನ ವಿರೂಪ ಉಂಟಾಗಬಹುದು. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡು ಗ್ರಾಮದ ಹೆಸರಿನಿಂದಲೇ ಗುರುತಿಸಲಾಗುವ, 1970ರ ದಶಕದಲ್ಲಿ ಬೆಳಕಿಗೆ ಬಂದ ಹಂದಿಗೋಡು ಕಾಯಿಲೆಯು ಕೆಲವು ಕುಟುಂಬಗಳಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಸೊಂಟ ಹಾಗೂ ಮಂಡಿಯ ಕೀಲುಗಳನ್ನು ಬಾಧಿಸುತ್ತದೆ. ಆದುದರಿಂದ ಎಳೆಯ ವಯಸ್ಸಿನಲ್ಲಿ ಕೀಲು ನೋವು ಕಾಣಿಸಿಕೊಂಡಲ್ಲಿ ಅದನ್ನು ಸಾಮಾನ್ಯ ಸವೆತವೆಂದು ಭಾವಿಸದೆ ತಜ್ಞರಿಂದ ಪರೀಕ್ಷೆ ಮಾಡಿಸತಕ್ಕದ್ದು.

ರೋಗ ಲಕ್ಷಣಗಳು

• ನಡೆದಾಗ, ಮೆಟ್ಟಿಲು ಹತ್ತಿಳಿದಾಗ, ನೆಲದಿಂದ ಮೇಲೇಳುವಾಗ ನೋವು. ವಿಶ್ರಾಂತಿ ಪಡೆದಾಗ ಕಡಿಮೆಯಾಗುವುದು.
• ಬೆಳಿಗ್ಗೆ ಎದ್ದಾಗ ಅಥವಾ ಬಹಳ ಹೊತ್ತು ಕುಳಿತೆದ್ದಾಗ ಮಂಡಿ ಬಿಗಿದುಕೊಂಡಿರುವುದು. ಈ ಬಿಗಿತವು ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಸಡಿಲಗೊಳ್ಳುತ್ತದೆ.
• ಮಂಡಿ ಮಡಿಸಿದಾಗ ಕಟಕಟ ಶಬ್ದ.
• ಊತ, ಪೂರ್ತಿ ಮಡಿಸಲು ಅಥವಾ ನೀಡಲು ಆಗದಿರುವುದು.
• ರೋಗ ಮುಂದುವರಿದಾಗ ಕಾಲು ಬಿಲ್ಲಿನಂತೆ ಹೊರಕ್ಕೆ ಬಾಗುವುದು, ರಾತ್ರಿಯೂ ನೋವು ಕಾಡುವುದು.

ನೋವಿಲ್ಲದ ಬರಿಯ ಶಬ್ದಕ್ಕೆ ಗಾಬರಿಪಡುವ ಅಗತ್ಯವಿಲ್ಲ.

ತಡಮಾಡದೆ ವೈದ್ಯರನ್ನು ಕಾಣಬೇಕಾದ ಸಂದರ್ಭಗಳು

• ಮಂಡಿಯು ಇದ್ದಕ್ಕಿದ್ದಂತೆ ಕೆಂಪೇರಿ, ಬಿಸಿಯಾಗಿ, ಜ್ವರದೊಂದಿಗೆ ಊದಿಕೊಂಡಲ್ಲಿ. ಇದು ಕೀಲಿನ ಸೋಂಕಾಗಿರಬಹುದಾಗಿದ್ದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು.
• ಪೆಟ್ಟು ಬಿದ್ದ ನಂತರ ಕಾಲೂರಲು ಆಗದಿದ್ದಲ್ಲಿ.
• ಮೀನಖಂಡವು ಊದಿ ನೋಯುತ್ತಿದ್ದಲ್ಲಿ.
• ಬೆಳಗಿನ ಬಿಗಿತವು ಗಂಟೆಗಟ್ಟಲೆ ಇದ್ದು, ಕೈಬೆರಳಿನ ಕೀಲುಗಳೂ ಊದಿಕೊಂಡಲ್ಲಿ. ಇದು ಆಮವಾತದ ಲಕ್ಷಣವಾಗಿದ್ದು, ಅದರ ಚಿಕಿತ್ಸೆಯೇ ಬೇರೆ.
• ಕಾರಣವಿಲ್ಲದೆ ತೂಕ ಇಳಿಯುತ್ತಿದ್ದಲ್ಲಿ ಅಥವಾ ವಿಶ್ರಾಂತಿಯಲ್ಲಿಯೂ ನೋವು ಏರುತ್ತಲೇ ಇದ್ದಲ್ಲಿ.

ಚಿಕುನ್‌ಗುನ್ಯ ಜ್ವರದ ನಂತರವೂ ಕೀಲು ನೋವು ತಿಂಗಳುಗಟ್ಟಲೆ ಉಳಿಯಬಹುದು. 2006ರಲ್ಲಿ ರಾಜ್ಯದಲ್ಲಿ ಆ ಜ್ವರ ವ್ಯಾಪಕವಾಗಿ ಹರಡಿದಾಗ ಅನೇಕರು ಇದನ್ನು ಅನುಭವಿಸಿದ್ದಾರೆ. ಇತ್ತೀಚೆಗೆ ಜ್ವರ ಬಂದಿದ್ದಲ್ಲಿ ವೈದ್ಯರಿಗೆ ತಪ್ಪದೆ ತಿಳಿಸಬೇಕು.

ರೋಗ ಪತ್ತೆ

45 ವರ್ಷ ಮೀರಿದವರಲ್ಲಿ, ಓಡಾಡಿದಾಗ ನೋವು ಹಾಗೂ ಅರ್ಧ ಗಂಟೆ ಮೀರದ ಬೆಳಗಿನ ಬಿಗಿತ ಇದ್ದರೆ, ವೈದ್ಯರು ಮಂಡಿಯನ್ನು ಪರೀಕ್ಷಿಸಿಯೇ ರೋಗವನ್ನು ಗುರುತಿಸಬಲ್ಲರು. ಅಗತ್ಯವೆನಿಸಿದಲ್ಲಿ ನಿಂತ ಭಂಗಿಯಲ್ಲಿ ಎಕ್ಸ್‌ರೇ ತೆಗೆಯಲಾಗುತ್ತದೆ. ಮಲಗಿ ತೆಗೆದ ಚಿತ್ರದಲ್ಲಿ ಮೂಳೆಗಳ ನಡುವಿನ ಅಂತರ ಎಷ್ಟು ಕಡಿಮೆಯಾಗಿದೆ ಎಂಬುದು ಸರಿಯಾಗಿ ಕಾಣುವುದಿಲ್ಲ. ಸವೆತದ ಪ್ರಮಾಣವನ್ನು 0ಯಿಂದ 4ರವರೆಗಿನ ಹಂತಗಳಲ್ಲಿ ಗುರುತಿಸುವ, 1957ರಲ್ಲಿ ಪ್ರಕಟವಾದ ಕೆಲ್‌ಗ್ರೆನ್ ಮತ್ತು ಲಾರೆನ್ಸ್ ಪದ್ಧತಿಯು ಈಗಲೂ ಬಳಕೆಯಲ್ಲಿದೆ.

ಎಕ್ಸ್‌ರೇಯಲ್ಲಿ ಕಾಣುವ ಸವೆತಕ್ಕೂ ರೋಗಿಯು ಅನುಭವಿಸುವ ನೋವಿಗೂ ಯಾವಾಗಲೂ ಹೊಂದಾಣಿಕೆ ಇರುವುದಿಲ್ಲ. "ಮೂಳೆ ಪೂರ್ತಿ ಸವೆದಿದೆ" ಎಂಬ ಮಾತನ್ನು ಕೇಳಿದ ಮಾತ್ರಕ್ಕೆ ಶಸ್ತ್ರಚಿಕಿತ್ಸೆಯೇ ಗತಿಯೆಂದು ಭಾವಿಸಬಾರದು. ರೋಗಿಯ ನೋವು ಮತ್ತು ಓಡಾಟದ ಸಾಮರ್ಥ್ಯವೇ ಚಿಕಿತ್ಸೆಯನ್ನು ನಿರ್ಧರಿಸುತ್ತವೆ. ಎಂ.ಆರ್.ಐ. ಪರೀಕ್ಷೆಯು ಬಹುತೇಕ ರೋಗಿಗಳಿಗೆ ಬೇಕಾಗುವುದಿಲ್ಲ. ಬೇರೆ ಕಾಯಿಲೆಯ ಸಂಶಯವಿದ್ದಾಗ ಮಾತ್ರ ರಕ್ತ ಪರೀಕ್ಷೆ ಮಾಡಿಸಲಾಗುತ್ತದೆ.

ಮನೆಯಲ್ಲಿ ಕೈಗೊಳ್ಳಬೇಕಾದ ಆರೈಕೆ

ಅ) ವ್ಯಾಯಾಮ

ವ್ಯಾಯಾಮವು ಈ ರೋಗದ ಮೊದಲ ಚಿಕಿತ್ಸೆ. ನಡೆದರೆ ಮಂಡಿ ಇನ್ನಷ್ಟು ಸವೆಯುತ್ತದೆಯೆಂಬುದು ತಪ್ಪು ತಿಳಿವಳಿಕೆ. ಈ ಕೆಳಕಂಡ ವ್ಯಾಯಾಮಗಳನ್ನು ಫಿಸಿಯೋಥೆರಪಿಸ್ಟರಿಂದ ಒಮ್ಮೆ ಕಲಿತು ಮನೆಯಲ್ಲಿಯೇ ಮಾಡಬಹುದು.

1. ಕಾಲು ಚಾಚಿ ಕುಳಿತು ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು, ಅದನ್ನು ಮಂಡಿಯಿಂದ ಕೆಳಕ್ಕೆ ಒತ್ತಿ 5 ಸೆಕೆಂಡು ಹಿಡಿದು ಸಡಿಲಿಸುವುದು.
2. ಅಂಗಾತ ಮಲಗಿ, ಒಂದು ಮಂಡಿಯನ್ನು ಮಡಿಸಿ, ಇನ್ನೊಂದು ಕಾಲನ್ನು ನೇರವಾಗಿಟ್ಟು ಸುಮಾರು ಒಂದಡಿ ಎತ್ತಿ 5 ಸೆಕೆಂಡು ಹಿಡಿಯುವುದು.
3. ಕುರ್ಚಿಯ ಮೇಲೆ ಕುಳಿತು ಮಂಡಿಯನ್ನು ನಿಧಾನವಾಗಿ ನೇರ ಮಾಡಿ ಹಿಡಿದು ಇಳಿಸುವುದು.
4. ಅಂಗಾತ ಮಲಗಿ ಹಿಮ್ಮಡಿಯನ್ನು ಹಾಸಿಗೆಯ ಮೇಲೆ ಜಾರಿಸುತ್ತಾ ಮಂಡಿಯನ್ನು ಸಾಧ್ಯವಾದಷ್ಟು ಮಡಿಸಿ ನೀಡುವುದು.
5. ಕೈಯೂರದೆ ಕುರ್ಚಿಯಿಂದ ಎದ್ದು ಕೂರುವುದು. ಆರಂಭದಲ್ಲಿ ಎತ್ತರದ ಕುರ್ಚಿಯನ್ನು ಬಳಸಬಹುದು.

ಪ್ರತಿಯೊಂದನ್ನೂ 10 ಬಾರಿಯಂತೆ ದಿನಕ್ಕೆ ಎರಡು ಹೊತ್ತು ಮಾಡುವುದು ಸೂಕ್ತ. ಜೊತೆಗೆ ಸಮತಟ್ಟಾದ ದಾರಿಯಲ್ಲಿ ನಡಿಗೆ ಅಥವಾ ಸೈಕಲ್ ತುಳಿಯುವುದು ಒಳ್ಳೆಯದು. ವ್ಯಾಯಾಮದ ವೇಳೆ ಸ್ವಲ್ಪ ನೋವಾದರೆ ಹೆದರಬೇಕಾಗಿಲ್ಲ; ಮರುದಿನವೂ ನೋವು ಹೆಚ್ಚಾಗಿಯೇ ಉಳಿದಿದ್ದರೆ ಪ್ರಮಾಣವನ್ನು ತಗ್ಗಿಸಬೇಕು, ನಿಲ್ಲಿಸಬಾರದು. ಫಲಿತಾಂಶ ಕಾಣಲು ಸಾಮಾನ್ಯವಾಗಿ ಆರರಿಂದ ಹನ್ನೆರಡು ವಾರ ಬೇಕಾಗುತ್ತದೆ. ನೋವು ಹೆಚ್ಚಿರುವವರು ಯೋಗಾಭ್ಯಾಸದಲ್ಲಿ ವಜ್ರಾಸನ, ಪದ್ಮಾಸನಗಳಂತಹ ಮಂಡಿಯನ್ನು ಪೂರ್ತಿ ಮಡಿಸುವ ಆಸನಗಳನ್ನು ಬಿಡತಕ್ಕದ್ದು.

ಆ) ತೂಕ ನಿಯಂತ್ರಣ

ದೇಹದ ತೂಕವನ್ನು ಒಂದು ಕಿಲೋ ಇಳಿಸಿದರೆ, ಪ್ರತಿ ಹೆಜ್ಜೆಯಲ್ಲಿ ಮಂಡಿಯ ಮೇಲಿನ ಭಾರವು ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. 80 ಕಿಲೋ ತೂಕದವರು 4ರಿಂದ 8 ಕಿಲೋ ಇಳಿಸಿದರೂ ನೋವಿನಲ್ಲಿ ಗಮನಾರ್ಹ ಇಳಿಕೆ ಕಾಣಬಹುದು. ಅನ್ನ, ಮುದ್ದೆ, ರೊಟ್ಟಿ ಯಾವುದೇ ಇರಲಿ, ಪ್ರಮಾಣವನ್ನು ಮಿತಗೊಳಿಸಿ ಬೇಳೆ, ಕಾಳು, ಸೊಪ್ಪು, ತರಕಾರಿಗಳ ಪಾಲನ್ನು ಹೆಚ್ಚಿಸಬೇಕು. ಸಕ್ಕರೆ ಹಾಕಿದ ಕಾಫಿ, ಚಹಾ ಹಾಗೂ ಕರಿದ ತಿಂಡಿಗಳನ್ನು ಕಡಿಮೆ ಮಾಡಬೇಕು. ಹುಳಿ, ಆಲೂಗಡ್ಡೆ ತಿಂದರೆ ಮಂಡಿ ಸವೆಯುತ್ತದೆಯೆಂಬ ನಂಬಿಕೆಗೆ ವೈಜ್ಞಾನಿಕ ಆಧಾರವಿಲ್ಲ.

ಇ) ದೈನಂದಿನ ಬದುಕಿನಲ್ಲಿ ಮಾರ್ಪಾಡು

• ನೆಲದ ಮೇಲೆ ಈಳಿಗೆ ಮಣೆಯ ಮುಂದೆ ಕುಳಿತು ಹೆಚ್ಚುವ ಬದಲು ಮೇಜಿನ ಮೇಲೆ ಚಾಕು ಬಳಸುವುದು. ನಿಂತು ಅಡುಗೆ ಮಾಡುವ ಕಟ್ಟೆ ಇರಿಸಿಕೊಳ್ಳುವುದು.
• ಕುಕ್ಕರಗಾಲಿನ ಶೌಚಾಲಯದ ಬದಲು ಕಮೋಡ್ ಅಥವಾ ನಡುವೆ ರಂಧ್ರವಿರುವ ಕಮೋಡ್ ಕುರ್ಚಿ ಬಳಸುವುದು. ಗೋಡೆಗೆ ಹಿಡಿಕೆ ಅಳವಡಿಸುವುದು.
• ನೆಲ ಒರೆಸಲು ಉದ್ದನೆಯ ಹಿಡಿಯ ಒರಸು ಬಳಸುವುದು.
• ಊರುಗೋಲನ್ನು ನೋವಿರುವ ಕಾಲಿನ ವಿರುದ್ಧ ಬದಿಯ ಕೈಯಲ್ಲಿ ಹಿಡಿಯುವುದು. ಬಲ ಮಂಡಿ ನೋಯುತ್ತಿದ್ದರೆ ಎಡಗೈಯಲ್ಲಿ ಹಿಡಿಯಬೇಕು.
• ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿರುವ ಕಾಲು ಮೊದಲು ಇಡುವುದು.
• ಮೆತ್ತನೆಯ ಅಟ್ಟೆಯ, ಜಾರದ ಪಾದರಕ್ಷೆ ಧರಿಸುವುದು.

ಬಿಗಿತಕ್ಕೆ ಬಿಸಿನೀರಿನ ಶಾಖ, ಊತವಿದ್ದಾಗ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು 15 ನಿಮಿಷ ಇಡಬಹುದು. ಮಧುಮೇಹದಿಂದ ಸ್ಪರ್ಶಜ್ಞಾನ ಕಡಿಮೆಯಾಗಿರುವವರು ಶಾಖ ನೀಡುವಾಗ ಸುಟ್ಟುಕೊಳ್ಳದಂತೆ ಎಚ್ಚರ ವಹಿಸಬೇಕು.

ಔಷಧೋಪಚಾರ

ಮೊದಲಿಗೆ ಮಂಡಿಯ ಮೇಲೆ ಹಚ್ಚುವ ಡೈಕ್ಲೋಫೆನಾಕ್ ಜೆಲ್‌ನಂತಹ ಮುಲಾಮನ್ನು ಬಳಸುವುದು ಸುರಕ್ಷಿತ. ಪ್ಯಾರಾಸಿಟಮಾಲ್ ಮಾತ್ರೆಯಿಂದ ಈ ರೋಗದಲ್ಲಿ ದೊರೆಯುವ ಉಪಶಮನ ಅಲ್ಪ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಮುಂತಾದ ನೋವುನಿವಾರಕ ಮಾತ್ರೆಗಳು ಪರಿಣಾಮಕಾರಿಯಾದರೂ, ಅವನ್ನು ಅತಿ ಕಡಿಮೆ ಪ್ರಮಾಣದಲ್ಲಿ, ಅತಿ ಕಡಿಮೆ ದಿನಗಳ ಕಾಲ, ವೈದ್ಯರ ಸಲಹೆಯಂತೆ ಮಾತ್ರ ಸೇವಿಸತಕ್ಕದ್ದು. ದೀರ್ಘಕಾಲ ಸೇವಿಸಿದಲ್ಲಿ ಜಠರದ ಹುಣ್ಣು ಮತ್ತು ರಕ್ತಸ್ರಾವ, ಮೂತ್ರಪಿಂಡದ ಹಾನಿ, ರಕ್ತದೊತ್ತಡದ ಏರಿಕೆ ಹಾಗೂ ಹೃದಯಾಘಾತದ ಅಪಾಯವಿರುತ್ತದೆ. ಮಧುಮೇಹ, ಮೂತ್ರಪಿಂಡದ ತೊಂದರೆ, ಹೃದ್ರೋಗ ಇರುವವರು ಮತ್ತು ರಕ್ತದೊತ್ತಡದ ಮಾತ್ರೆ ಸೇವಿಸುತ್ತಿರುವವರು ಔಷಧಿ ಅಂಗಡಿಯಲ್ಲಿ ತಾವಾಗಿಯೇ ನೋವಿನ ಮಾತ್ರೆ ಕೇಳಿ ಪಡೆಯಬಾರದು.

ಕೀಲಿನೊಳಗೆ ನೀಡುವ ಸ್ಟೀರಾಯ್ಡ್ ಚುಚ್ಚುಮದ್ದು ಕೆಲವು ವಾರಗಳ ಮಟ್ಟಿಗೆ ನೋವನ್ನು ತಗ್ಗಿಸುತ್ತದೆ. ಅದನ್ನು ಪದೇ ಪದೇ ಪಡೆದರೆ ಮೃದ್ವಸ್ಥಿಗೆ ಹಾನಿಯಾಗಬಹುದು. ಮಧುಮೇಹಿಗಳಲ್ಲಿ ಕೆಲವು ದಿನ ರಕ್ತದ ಸಕ್ಕರೆ ಏರುತ್ತದೆ. ಅರ್ಹ ವೈದ್ಯರಲ್ಲದವರಿಂದ ಇಂತಹ ಚುಚ್ಚುಮದ್ದು ಪಡೆಯುವುದು ಕೀಲಿನ ಸೋಂಕಿಗೆ ದಾರಿ. ಗ್ಲುಕೋಸಮೈನ್ ಮಾತ್ರೆಗಳಿಂದ ಸ್ಪಷ್ಟ ಪ್ರಯೋಜನವಿದೆಯೆಂದು ದೃಢಪಟ್ಟಿಲ್ಲ. ಮೃದ್ವಸ್ಥಿಯನ್ನು ಮರಳಿ ಬೆಳೆಸುವುದಾಗಿ ಜಾಹೀರಾತು ನೀಡುವ ಆಕರಕೋಶ ಚಿಕಿತ್ಸೆಗಳಿಗೆ ಸಾಲ ಮಾಡಿ ಹಣ ಕಳೆದುಕೊಳ್ಳಬಾರದು.

ಆಯುರ್ವೇದದಲ್ಲಿ ಈ ರೋಗವನ್ನು ಸಂಧಿಗತ ವಾತವೆಂದು ಕರೆಯಲಾಗಿದ್ದು, ಸರ್ಕಾರಿ ಆಯುಷ್ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಲಭ್ಯವಿದೆ. ಎರಡೂ ಪದ್ಧತಿಯ ಔಷಧಿ ಸೇವಿಸುವವರು ಇಬ್ಬರು ವೈದ್ಯರಿಗೂ ಅದನ್ನು ತಿಳಿಸಬೇಕು. ತಯಾರಕರ ಹೆಸರು, ಘಟಕಾಂಶ, ಪರವಾನಗಿ ಸಂಖ್ಯೆ ಯಾವುದೂ ಇಲ್ಲದ ಪುಡಿ ಅಥವಾ ಗುಳಿಗೆಗಳನ್ನು ಸೇವಿಸಬಾರದು. ಅವುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವ ಸಾಧ್ಯತೆಯಿರುತ್ತದೆ.

ಶಸ್ತ್ರಚಿಕಿತ್ಸೆ

ವ್ಯಾಯಾಮ, ತೂಕ ಇಳಿಕೆ ಹಾಗೂ ಔಷಧಿಗಳನ್ನು ಸರಿಯಾಗಿ ಅನುಸರಿಸಿದ ನಂತರವೂ ನಿದ್ರೆ ಕೆಡುವಷ್ಟು ನೋವಿದ್ದು, ಮನೆಯೊಳಗಿನ ಓಡಾಟವೂ ಕಷ್ಟವಾದಾಗ ಮಂಡಿಕೀಲು ಬದಲಾವಣೆ ಶಸ್ತ್ರಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ. ಜನರು ಇದನ್ನು "ಮಂಡಿಚಿಪ್ಪು ಬದಲಾವಣೆ" ಎಂದು ಕರೆದರೂ, ವಾಸ್ತವವಾಗಿ ಬದಲಾಗುವುದು ತೊಡೆಮೂಳೆ ಮತ್ತು ಕಣಕಾಲಿನ ಮೂಳೆಯ ಸವೆದ ತುದಿಗಳು. ಆ ಸ್ಥಳಕ್ಕೆ ಲೋಹದ ಹೊದಿಕೆಯನ್ನೂ ನಡುವೆ ಗಟ್ಟಿ ಪ್ಲಾಸ್ಟಿಕ್ ಮೆತ್ತೆಯನ್ನೂ ಅಳವಡಿಸಲಾಗುತ್ತದೆ. ಕೀಲಿನ ಒಂದು ಭಾಗ ಮಾತ್ರ ಸವೆದಿದ್ದರೆ ಭಾಗಶಃ ಬದಲಾವಣೆ, ಕಡಿಮೆ ವಯಸ್ಸಿನವರಲ್ಲಿ ಮೂಳೆಯನ್ನು ಕತ್ತರಿಸಿ ನೇರಗೊಳಿಸುವ ಶಸ್ತ್ರಚಿಕಿತ್ಸೆ ಸೂಕ್ತವಾಗಬಹುದು. ದುರ್ಬೀನಿನ ಮೂಲಕ ಕೀಲನ್ನು ತೊಳೆಯುವ ಚಿಕಿತ್ಸೆಯಿಂದ ಸವೆತದ ನೋವಿಗೆ ವಿಶೇಷ ಪ್ರಯೋಜನವಿಲ್ಲವೆಂದು 2002ರಲ್ಲಿ ಪ್ರಕಟವಾದ ಅಧ್ಯಯನದಿಂದ ತಿಳಿದುಬಂದಿದೆ.

ಬದಲಾಯಿಸಿದ ಮಂಡಿಗಳಲ್ಲಿ ನೂರಕ್ಕೆ ಸುಮಾರು 80ರಷ್ಟು 25 ವರ್ಷ ಬಾಳುತ್ತವೆಯೆಂದು 2019ರಲ್ಲಿ ಪ್ರಕಟವಾದ ವಿಶ್ಲೇಷಣೆ ತೋರಿಸಿದೆ. ಬಹುತೇಕರಿಗೆ ನೋವು ದೊಡ್ಡ ಪ್ರಮಾಣದಲ್ಲಿ ಇಳಿಯುತ್ತದೆ. ಆದರೆ ಹತ್ತರಲ್ಲಿ ಒಬ್ಬಿಬ್ಬರಿಗೆ ಸ್ವಲ್ಪ ನೋವು ಉಳಿಯಬಹುದು ಎಂಬುದನ್ನೂ, ಸೋಂಕು ಹಾಗೂ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ ಎಂಬುದನ್ನೂ ರೋಗಿ ಮತ್ತು ಮನೆಯವರು ಮೊದಲೇ ತಿಳಿದಿರಬೇಕು. ಶಸ್ತ್ರಚಿಕಿತ್ಸೆಗೆ ಮುನ್ನ ರಕ್ತದ ಸಕ್ಕರೆಯನ್ನು ಹತೋಟಿಗೆ ತರುವುದು, ಹಲ್ಲು ಮತ್ತು ಚರ್ಮದ ಸೋಂಕನ್ನು ವಾಸಿಮಾಡಿಕೊಳ್ಳುವುದು, ಧೂಮಪಾನ ಬಿಡುವುದು ಅವಶ್ಯಕ. ಶಸ್ತ್ರಚಿಕಿತ್ಸೆಯ ನಂತರ ಸಾಮಾನ್ಯವಾಗಿ ಮರುದಿನದೊಳಗೆ ನಡೆಸಲಾಗುತ್ತದೆ. ಮುಂದಿನ ಆರರಿಂದ ಹನ್ನೆರಡು ವಾರಗಳ ವ್ಯಾಯಾಮವನ್ನು ಕೈಬಿಟ್ಟರೆ ಮಂಡಿ ಬಿಗಿದುಕೊಂಡು ಶಸ್ತ್ರಚಿಕಿತ್ಸೆಯ ಫಲ ದೊರೆಯದೆ ಹೋಗಬಹುದು.

ಸರ್ಕಾರದಿಂದ ದೊರೆಯುವ ಸೌಲಭ್ಯಗಳು

1. ಸರ್ಕಾರಿ ಆಸ್ಪತ್ರೆಗಳು: ಮೊದಲ ಹಂತದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸುವುದು. ಮೂಳೆ ತಜ್ಞರ ಸೇವೆಯನ್ನು ಜಿಲ್ಲಾ ಆಸ್ಪತ್ರೆ ಹಾಗೂ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ಪಡೆಯಬಹುದು. ಬೆಂಗಳೂರಿನ ಸಂಜಯ ಗಾಂಧಿ ಸಂಸ್ಥೆಯು ಅಪಘಾತ ಮತ್ತು ಮೂಳೆ ಚಿಕಿತ್ಸೆಗೆಂದೇ ಇರುವ ಸರ್ಕಾರಿ ಸ್ವಾಯತ್ತ ಸಂಸ್ಥೆಯಾಗಿದೆ. 2010ರಲ್ಲಿ ಆರಂಭವಾದ ರಾಷ್ಟ್ರೀಯ ವೃದ್ಧರ ಆರೋಗ್ಯ ರಕ್ಷಣಾ ಕಾರ್ಯಕ್ರಮವು ಜಿಲ್ಲಾ ಆಸ್ಪತ್ರೆಗಳಲ್ಲಿ ವೃದ್ಧರಿಗೆ ಪ್ರತ್ಯೇಕ ಚಿಕಿತ್ಸೆ ಮತ್ತು ಫಿಸಿಯೋಥೆರಪಿಗೆ ಅವಕಾಶ ಕಲ್ಪಿಸಿದೆ.

2. ಆರೋಗ್ಯ ಕರ್ನಾಟಕ ಯೋಜನೆ: 2018ರ ಮಾರ್ಚ್ 2ರಂದು ಆರಂಭವಾಗಿ, ಅದೇ ವರ್ಷ ಅಕ್ಟೋಬರ್‌ನಲ್ಲಿ ಆಯುಷ್ಮಾನ್ ಭಾರತ್‌ನೊಂದಿಗೆ ಸಂಯೋಜಿತವಾದ ಈ ಯೋಜನೆಯಡಿ, ಬಿ.ಪಿ.ಎಲ್. ಕುಟುಂಬಗಳಿಗೆ ವರ್ಷಕ್ಕೆ 5 ಲಕ್ಷ ರೂ.ಗಳವರೆಗೆ ಉಚಿತ ಚಿಕಿತ್ಸೆ ಹಾಗೂ ಎ.ಪಿ.ಎಲ್. ಕುಟುಂಬಗಳಿಗೆ ಪ್ಯಾಕೇಜ್ ದರದ ಶೇ. 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂ. ಮೀರದಂತೆ, ಸರ್ಕಾರ ಭರಿಸುತ್ತದೆ. ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್ ಇದನ್ನು ಅನುಷ್ಠಾನಗೊಳಿಸುತ್ತಿದೆ.

3. ಕೃತಕ ಕೀಲಿನ ಬೆಲೆ ನಿಯಂತ್ರಣ: 2017ರ ಆಗಸ್ಟ್‌ನಲ್ಲಿ ರಾಷ್ಟ್ರೀಯ ಔಷಧ ಬೆಲೆ ನಿಗದಿ ಪ್ರಾಧಿಕಾರವು ಕೃತಕ ಮಂಡಿಕೀಲುಗಳಿಗೆ ಗರಿಷ್ಠ ಬೆಲೆಯನ್ನು ನಿಗದಿಪಡಿಸಿತು. ಸಾಮಾನ್ಯ ಬಳಕೆಯ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ನಿಗದಿಯಾದ ದರವು ತೆರಿಗೆ ಹೊರತುಪಡಿಸಿ 54,720 ರೂ. ಖಾಸಗಿಯಾಗಿ ಚಿಕಿತ್ಸೆ ಪಡೆಯುವವರು ಪ್ರಸ್ತುತ ದರವನ್ನು ವಿಚಾರಿಸಿ, ಕೀಲಿನ ಬೆಲೆ, ತಯಾರಕರ ಹೆಸರು ಮತ್ತು ಬ್ಯಾಚ್ ಸಂಖ್ಯೆಯನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ನಮೂದಿಸುವಂತೆ ಕೇಳಿ ಪಡೆಯತಕ್ಕದ್ದು.

4. ರಾಷ್ಟ್ರೀಯ ವಯೋಶ್ರೀ ಯೋಜನೆ: 2017ರ ಏಪ್ರಿಲ್ 1ರಂದು ಆರಂಭವಾದ ಈ ಕೇಂದ್ರ ಯೋಜನೆಯಡಿ, 60 ವರ್ಷ ಮೀರಿದ ಕಡಿಮೆ ಆದಾಯದ ಹಿರಿಯ ನಾಗರಿಕರಿಗೆ ಊರುಗೋಲು, ವಾಕರ್, ಗಾಲಿಕುರ್ಚಿ ಮುಂತಾದ ಸಾಧನಗಳನ್ನು ಶಿಬಿರಗಳ ಮೂಲಕ ಉಚಿತವಾಗಿ ವಿತರಿಸಲಾಗುತ್ತದೆ.

5. ಅಂಗವಿಕಲತೆಯ ಗುರುತಿನ ಚೀಟಿ: ಕೀಲು ಶಾಶ್ವತವಾಗಿ ಬಿಗಿದು ಅಥವಾ ವಿರೂಪಗೊಂಡು ಚಲನೆ ತೀವ್ರವಾಗಿ ಕುಂಠಿತವಾಗಿದ್ದಲ್ಲಿ ವಿಶಿಷ್ಟ ಗುರುತಿನ ಚೀಟಿಗೆ ಅರ್ಜಿ ಸಲ್ಲಿಸಬಹುದು. ಶೇಕಡಾವಾರು ಪ್ರಮಾಣವನ್ನು ವೈದ್ಯಕೀಯ ಪ್ರಾಧಿಕಾರವೇ ನಿರ್ಧರಿಸುತ್ತದೆ; ಹೆಚ್ಚಿನ ಸೌಲಭ್ಯಗಳಿಗೆ ಕನಿಷ್ಠ ಶೇ. 40 ಇರಬೇಕಾಗುತ್ತದೆ. ನೋವು ಇದೆಯೆಂಬ ಕಾರಣ ಮಾತ್ರಕ್ಕೆ ಚೀಟಿ ದೊರೆಯುವುದಿಲ್ಲ. ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರ ನೆರವು ಪಡೆಯಬಹುದು.

ಯೋಜನೆಯಡಿ ಶಸ್ತ್ರಚಿಕಿತ್ಸೆ ಪಡೆಯುವ ವಿಧಾನ

1. ಆಧಾರ್ ಮತ್ತು ಪಡಿತರ ಚೀಟಿಯೊಂದಿಗೆ ಗ್ರಾಮ ಒನ್, ಕರ್ನಾಟಕ ಒನ್, ಬೆಂಗಳೂರು ಒನ್ ಕೇಂದ್ರ ಅಥವಾ ಸರ್ಕಾರಿ ಆಸ್ಪತ್ರೆಯಲ್ಲಿ ಆರೋಗ್ಯ ಕಾರ್ಡ್ ಮಾಡಿಸುವುದು. ಪಡಿತರ ಚೀಟಿಯಲ್ಲಿ ರೋಗಿಯ ಹೆಸರು ಇರುವುದನ್ನು ಮೊದಲೇ ಖಚಿತಪಡಿಸಿಕೊಳ್ಳುವುದು.
2. ಸರ್ಕಾರಿ ಆಸ್ಪತ್ರೆಯಲ್ಲಿ ತಪಾಸಣೆ ಮಾಡಿಸುವುದು. ಅಲ್ಲಿ ಚಿಕಿತ್ಸೆ ಲಭ್ಯವಿಲ್ಲದಿದ್ದಲ್ಲಿ ವೈದ್ಯರಿಂದ ಶಿಫಾರಸು ಪತ್ರ ಪಡೆಯುವುದು. ಮಂಡಿಕೀಲು ಬದಲಾವಣೆಯು ತುರ್ತು ಚಿಕಿತ್ಸೆಯಲ್ಲವಾದ್ದರಿಂದ ಈ ಪತ್ರ ಅವಶ್ಯ.
3. ಶಿಫಾರಸು ಪತ್ರ, ಕಾರ್ಡ್, ಎಕ್ಸ್‌ರೇ ಹಾಗೂ ಹಿಂದಿನ ಚಿಕಿತ್ಸಾ ಚೀಟಿಗಳೊಂದಿಗೆ ನೋಂದಾಯಿತ ಆಸ್ಪತ್ರೆಯ ಆರೋಗ್ಯಮಿತ್ರರನ್ನು ಭೇಟಿ ಮಾಡಿ, ಸದರಿ ಶಸ್ತ್ರಚಿಕಿತ್ಸೆಯು ಆ ಆಸ್ಪತ್ರೆಯಲ್ಲಿ ಯೋಜನೆಯಡಿ ಲಭ್ಯವಿದೆಯೇ ಎಂದು ವಿಚಾರಿಸುವುದು.
4. ಆಸ್ಪತ್ರೆಯು ಟ್ರಸ್ಟ್‌ನಿಂದ ಪೂರ್ವಾನುಮತಿ ಪಡೆದ ನಂತರವೇ ದಾಖಲಾಗುವುದು. ಮೊದಲು ಸ್ವಂತ ಹಣ ಕಟ್ಟಿ ನಂತರ ಮರುಪಾವತಿ ಪಡೆಯಬಹುದೆಂದು ನಂಬಿ ಮುಂದುವರಿಯಬಾರದು.
5. ಬಿಡುಗಡೆಯ ಸಮಯದಲ್ಲಿ ಬಿಡುಗಡೆ ಪತ್ರ, ಅಳವಡಿಸಿದ ಕೀಲಿನ ವಿವರ ಮತ್ತು ವ್ಯಾಯಾಮದ ಸೂಚನೆಗಳನ್ನು ಕೇಳಿ ಪಡೆದು ಜೋಪಾನವಾಗಿ ಇಟ್ಟುಕೊಳ್ಳುವುದು.

ಸಾಮಾನ್ಯವಾಗಿ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಮಂಡಿಪಟ್ಟಿ ಧರಿಸಿದರೆ ಸವೆತ ನಿಲ್ಲುವುದೇ?
ಉತ್ತರ: ಇಲ್ಲ. ನಡೆಯುವಾಗ ಆಸರೆ ಮತ್ತು ಧೈರ್ಯ ದೊರೆಯುತ್ತದೆ. ವ್ಯಾಯಾಮಕ್ಕೆ ಅದು ಬದಲಿಯಲ್ಲ.

ಪ್ರಶ್ನೆ: ವಯಸ್ಸು 75 ಮೀರಿದವರಿಗೆ ಶಸ್ತ್ರಚಿಕಿತ್ಸೆ ಮಾಡಬಹುದೇ?
ಉತ್ತರ: ವಯಸ್ಸೊಂದೇ ಅಡ್ಡಿಯಲ್ಲ. ಹೃದಯ, ಶ್ವಾಸಕೋಶ, ಮೂತ್ರಪಿಂಡಗಳ ಸ್ಥಿತಿಯನ್ನು ಪರೀಕ್ಷಿಸಿ ತೀರ್ಮಾನಿಸಲಾಗುತ್ತದೆ.

ಪ್ರಶ್ನೆ: ಶಸ್ತ್ರಚಿಕಿತ್ಸೆಯ ನಂತರ ಹೊಲದ ಕೆಲಸ ಮಾಡಬಹುದೇ?
ಉತ್ತರ: ನಡಿಗೆ, ಹಗುರವಾದ ಕೆಲಸ ಮಾಡಬಹುದು. ಕುಕ್ಕರಗಾಲಿನಲ್ಲಿ ಕೂರುವುದು, ನೆಲದ ಮೇಲೆ ಚಕ್ಕಂಬಕ್ಕಳ ಹಾಕುವುದು, ಭಾರ ಹೊರುವುದು ಸಾಮಾನ್ಯವಾಗಿ ಸೂಕ್ತವಲ್ಲ.

ಪ್ರಶ್ನೆ: ಶಸ್ತ್ರಚಿಕಿತ್ಸೆ ಬೇಡವೆಂದರೆ ಪ್ರಾಣಾಪಾಯವಿದೆಯೇ?
ಉತ್ತರ: ಇಲ್ಲ. ಇದು ರೋಗಿಯ ಆಯ್ಕೆ. ಯಾರೂ ಅವಸರಪಡಿಸಿದಲ್ಲಿ ಮತ್ತೊಬ್ಬ ತಜ್ಞರ ಅಭಿಪ್ರಾಯ ಪಡೆಯುವ ಹಕ್ಕು ರೋಗಿಗಿದೆ.

ಹೆಚ್ಚಿನ ಮಾಹಿತಿಗಾಗಿ

ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿ, ಆಶಾ ಕಾರ್ಯಕರ್ತೆ, ಜಿಲ್ಲಾ ಆಸ್ಪತ್ರೆಯ ಆರೋಗ್ಯಮಿತ್ರ ಅಥವಾ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು. ಆಯುಷ್ಮಾನ್ ಭಾರತ್ ಯೋಜನೆಯ ಶುಲ್ಕರಹಿತ ದೂರವಾಣಿ ಸಂಖ್ಯೆ 14555. ಹಿರಿಯ ನಾಗರಿಕರ ಸಹಾಯವಾಣಿ 14567.

ಸೂಚನೆ: ಈ ಪುಟದ ಮಾಹಿತಿಯು ಸಾರ್ವಜನಿಕರ ತಿಳಿವಳಿಕೆಗಾಗಿ ಮಾತ್ರ. ಚಿಕಿತ್ಸೆಯನ್ನು ವೈದ್ಯರ ಸಲಹೆಯಂತೆ ಪಡೆಯತಕ್ಕದ್ದು. ಯೋಜನೆಗಳ ಅರ್ಹತೆ ಮತ್ತು ದರಗಳು ಕಾಲಕಾಲಕ್ಕೆ ಹೊರಡಿಸಲಾಗುವ ಸರ್ಕಾರಿ ಆದೇಶಗಳಿಗೆ ಒಳಪಟ್ಟಿರುತ್ತವೆ.